ದೂರು ಕೊಟ್ಟವಳ ಮೇಲೆಯೇ ವಿಚಾರಣೆಯೆ?

ತನಗಾದ ಅನ್ಯಾಯವನ್ನು ಪೋಲೀಸ ಠಾಣೆಗೆ ಹೋಗಿ ಹೇಳಿಕೊಳ್ಳುವದು ಪ್ರತಿಯೊಬ್ಬ ಪ್ರಜೆಯ ಹಕ್ಕು. ಆದರೆ ಹೇಳಿಕೊಂಡವಳು ಸ್ತ್ರೀಯಾದರೆ, ನ್ಯಾಯಾಲಯವು ಆರೋಪಿಯನ್ನು ವಿಚಾರಿಸುವದಕ್ಕಿಂತ ಮೊದಲೇ ಸುದ್ದಿಗಾರರು ಆಕೆಯನ್ನು ವಿಚಾರಣೆಗೆ ನಿಲ್ಲಿಸುವರು. ಅಲ್ಲಿಗೇಕೆ ಹೋದಳು? ಜೊತೆಗಿದ್ದವನಾರು? ಎಲ್ಲವನ್ನೂ ಮೊದಲ ದಿನವೇ ಏಕೆ ಹೇಳಲಿಲ್ಲ?

ಹಾನಗಲ್ಲ ತಾಲೂಕಿನ ಪ್ರಕರಣವನ್ನು ವಾಚಕರು ಮರೆತಿರಲಾರರು. 2024ನೆಯ ಇಸವಿಯ ಜನೆವರಿಯಲ್ಲಿ, ವಸತಿಗೃಹವೊಂದರಲ್ಲಿದ್ದ ಭಿನ್ನಧರ್ಮದ ಸ್ತ್ರೀಪುರುಷರ ಮೇಲೆ ಗುಂಪೊಂದು ನುಗ್ಗಿ ಹಲ್ಲೆ ಮಾಡಿತು; ಆ ದೃಶ್ಯವನ್ನು ಚಿತ್ರಿಸಿಯೂ ಕೊಂಡಿತು. ಆ ಚಿತ್ರವು ಊರೂರು ಹರಡಿತು. ಮೊದಲು ದಾಖಲಾದ ದೂರಿನಲ್ಲಿ ಹಲ್ಲೆಯ ಸಂಗತಿಯಿತ್ತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರವೂ ನಡೆಯಿತೆಂದು ಆಕೆಯು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆಯಿತ್ತ ಬಳಿಕ ಆ ಆರೋಪವೂ ಸೇರಿತು.

ತಡವಾಗಿ ಬಂದ ಮಾತು ಸುಳ್ಳು ಮಾತೆಂದು ತಿಳಿಯುವವರು ಕಾಯಿದೆಯನ್ನರಿಯರು. ಇಂಥ ಅಪರಾಧಗಳಲ್ಲಿ ದೂರು ತಡವಾದ ಮಾತ್ರಕ್ಕೆ ಅದನ್ನು ಶಂಕಿಸಬಾರದು, ನೊಂದವಳ ಶೀಲಕ್ಕೆ ಕಳಂಕ ಹಚ್ಚಬಾರದು ಎಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ, ಗುರ್ಮಿತ್ ಸಿಂಗ್ ಪ್ರಕರಣದಲ್ಲಿ, ವಿಧಿಸಿದೆ. ಆಕೆಯ ಗುರುತನ್ನು ಪರೋಕ್ಷವಾಗಿಯೂ ಬಯಲುಮಾಡಲಾಗದೆಂದು 2018ರಲ್ಲಿ ಹೇಳಿದೆ. ಹಾಗೆ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುವ ನಿಯಮವು ಈಗಿನ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿದೆ. ಹೆಸರನ್ನು ಮುಚ್ಚಿ, ಊರು, ಮನೆ, ಮನೆತನಗಳನ್ನೆಲ್ಲ ಬರೆದಿಡುವದು ಆಜ್ಞೆಯ ಪಾಲನೆಯಲ್ಲ, ಅದರ ಅಪಹಾಸ್ಯ.

2025ನೆಯ ಇಸವಿಯ ಮೇ ತಿಂಗಳಲ್ಲಿ, ಜಾಮೀನಿನ ಮೇಲೆ ಬಿಡುಗಡೆಯಾದ ಆರೋಪಿಗಳು ಅಕ್ಕಿಆಲೂರಿನ ಬೀದಿಗಳಲ್ಲಿ ವಾಹನಗಳ ವಿಜಯಯಾತ್ರೆಯನ್ನೇ ನಡೆಸಿದರು. ಪೋಲೀಸರು ಅದಕ್ಕಾಗಿ ಬೇರೆ ಮೊಕದ್ದಮೆಯನ್ನು ದಾಖಲಿಸಿದರು. ಜಾಮೀನು ನಿರ್ದೋಷಿತ್ವದ ತೀರ್ಪಲ್ಲ. ಅಪರಾಧ ಸಿದ್ಧವಾಗುವವರೆಗೆ ಆರೋಪಿಯು ಅಪರಾಧಿಯೂ ಅಲ್ಲ. ಆ ನ್ಯಾಯವು ಅವರಿಗೆ ಸಲ್ಲಲೇಬೇಕು. ಆದರೆ ಆರೋಪ ಹೊತ್ತವರು ಮುಖವೆತ್ತಿ ಮೆರೆಯುವ ಬೀದಿಯಲ್ಲಿ, ದೂರು ಕೊಟ್ಟವಳು ಮುಖ ಮರೆಸಿಕೊಂಡು ನಡೆಯುವ ದುಃಸ್ಥಿತಿಯನ್ನು ಯಾರು ತಂದರು? ಈ ಪ್ರಶ್ನೆಗೆ ಉತ್ತರಿಸುವಾಗ ಪತ್ರಿಕೆಗಳವರು ತಮ್ಮನ್ನು ಹೊರಗಿಟ್ಟುಕೊಳ್ಳಬಾರದು.

ನಾವು ಇಂದು ಬರೆಯುವ ಮಾತನ್ನು ನಾಳೆ ಇನ್ನೊಬ್ಬ ನೊಂದ ಹೆಣ್ಣುಮಗಳು ಓದುವಳು. ಓದಿ, ಠಾಣೆಯ ಬಾಗಿಲಿನಿಂದಲೇ ಅವಳು ಹಿಂದಿರುಗಿದರೆ ಅಪರಾಧಿಗೆ ನಾವು ಅಭಯವಿತ್ತಂತಾಯಿತು. ಆಕೆಯು ಅಲ್ಲಿಗೇಕೆ ಹೋದಳೆಂಬುದನ್ನು ಬಿಟ್ಟು, ಅವರು ಅಲ್ಲಿಗೇಕೆ ನುಗ್ಗಿದರೆಂದು ಕೇಳುವದೇ ಪತ್ರಿಕಾಧರ್ಮ.