ಸುಶಿಯ ತಟ್ಟೆ, ಮೀನಿನ ಪೆಟ್ಟಿಗೆ

ಕಳೆದ ಆಷಾಢದ ಒಂದು ಭಾನುವಾರ ನಾವು ನಾಲ್ವರು ಊಟಕ್ಕೆಂದು ಕೋಣನಕುಂಟೆ ಕ್ರಾಸಿನ ಸಮೀಪದ ಹೋಟೆಲೊಂದಕ್ಕೆ ಹೋದೆವು. ನಾನು, ನನ್ನ ಹೆಂಡತಿ, ಮೊದಲ ಸಂಬಳದ ಹುರುಪಿನಲ್ಲಿದ್ದ ಮಗಳು, ಮತ್ತು ಕುಂದಾಪುರದ ಕಡೆಯಿಂದ ಬಂದಿದ್ದ ಎಂಬತ್ತರ ನನ್ನ ತಾಯಿ. ಜಪಾನಿನ ಸುಶಿ ತಿನ್ನಿಸುವುದು ಮಗಳ ಹಟ. ಹತ್ತು ಹದಿನೈದು ವರ್ಷಗಳ ಹಿಂದೆ ಸುಶಿ ಬೇಕೆನ್ನುವವರು ನಗರದ ನಡುವಿನ ದೊಡ್ಡ ಹೋಟೆಲುಗಳಿಗೆ ಹೋಗಬೇಕಿತ್ತು. ಈಗ ಅದು ದರ್ಶಿನಿಯ ಪಕ್ಕದ ಕಟ್ಟಡಕ್ಕೇ ಬಂದಿದೆ.

ತಟ್ಟೆ ಬಂತು. ಹೆಬ್ಬೆರಳಿನಷ್ಟು ಉದ್ದದ ಅನ್ನದ ಉಂಡೆಗಳು, ಅವುಗಳ ಮೇಲೆ ಹೊದಿಕೆಯಂತೆ ಹಾಸಿದ ಹಸಿ ಮೀನಿನ ತೆಳು ಹೋಳುಗಳು, ಬದಿಯಲ್ಲಿ ವಿನೆಗರಿನಲ್ಲಿ ನೆನೆಸಿದ ಶುಂಠಿ, ಹಸಿರು ಬಣ್ಣದ ಖಾರದ ಮುದ್ದೆ. ಹುಟ್ಟಿದಾಗಿನಿಂದ ಮೀನು ತಿಂದೇ ಬೆಳೆದ ಅಮ್ಮ ಒಂದು ಕ್ಷಣ ದಿಟ್ಟಿಸಿ ನೋಡಿ, “ಹಸಿ ಮೀನ್ ತಿಂಬುಕೆ ನಾವೇನ್ ಬೆಕ್ಕಾ ಮಗಾ?” ಎಂದರು. ಎರಡು ಕಡ್ಡಿಗಳನ್ನು ಹಿಡಿದು ಅವರು ಪಡುತ್ತಿದ್ದ ಪಾಡನ್ನು ಕಟ್ಟೆಯ ಆಚೆಯಿಂದ ನೋಡುತ್ತಿದ್ದ ಬಾಣಸಿಗ, “ಅಜ್ಜಿ, ಕೈಯಲ್ಲೇ ತಿನ್ನಿ. ಜಪಾನಲ್ಲೂ ಇದನ್ನ ಕೈಯಲ್ಲೇ ತಿಂತಾರೆ” ಎಂದು ಕನ್ನಡದಲ್ಲೇ ಹೇಳಿದ. ಅವನು ಹೇಳಿದ್ದು ನಿಜ. ಅಮ್ಮ ಒಂದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದು, “ಮೀನ್ ಸಪ್ಪೆ. ಅನ್ನ ಹುಳಿ” ಎಂದು ತೀರ್ಪಿತ್ತರು.

ಆಗಲೇ ಪಕ್ಕದ ಮೇಜಿನಿಂದ ಪರಿಚಿತ ದನಿ ಕೇಳಿಸಿತು. ನಮ್ಮದೇ ಅಪಾರ್ಟ್‌ಮೆಂಟಿನ ಕುಟುಂಬ. ಯಜಮಾನರು ಸಾಲ್ಮನ್ ಹೋಳನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು, “ನೋಡಿ ಸರ್, ಎಣ್ಣೆ ಇಲ್ಲ, ಮಸಾಲೆ ಇಲ್ಲ, ಒಂದಿಷ್ಟೂ ವಾಸನೆ ಇಲ್ಲ. ಮೀನು ತಿನ್ನೋ ಕ್ರಮ ಅಂದ್ರೆ ಇದು” ಎಂದರು. ನಾನು ನಕ್ಕು ತಲೆಯಾಡಿಸಿದೆ. ಆದರೆ ‘ವಾಸನೆ’ ಎಂಬ ಆ ಒಂದು ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

ಕಾರಣವಿದೆ. ಎರಡು ವರ್ಷಗಳ ಹಿಂದಿನವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬ ಮೀನು ಮಾರುವವನು ನಮ್ಮ ಗೇಟಿನ ಬಳಿ ಬರುತ್ತಿದ್ದ. ಮೊಪೆಡ್ಡಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ, ಅದರೊಳಗೆ ಮಂಜುಗಡ್ಡೆಯ ನಡುವೆ ಬಂಗುಡೆ, ಬೂತಾಯಿ, ಒಮ್ಮೊಮ್ಮೆ ಅಂಜಲ್. ಅರ್ಧ ಗಂಟೆ ನಿಂತು, ಕೇಳಿದವರಿಗೆ ಅಲ್ಲೇ ಹೆರೆದು ಕೊಟ್ಟು, ಒಂದು ಕೊಡ ನೀರು ಸುರಿದು ಹೊರಟುಹೋಗುತ್ತಿದ್ದ. ನಿವಾಸಿಗಳ ಸಂಘದ ಸಭೆಯಲ್ಲಿ ಒಮ್ಮೆ ವಾಸನೆಯ ದೂರು ಬಂತು. ‘ಗೇಟಿನ ಐವತ್ತು ಅಡಿಯೊಳಗೆ ಮೀನು ಮಾಂಸದ ಮಾರಾಟಕ್ಕೆ ಅವಕಾಶವಿಲ್ಲ’ ಎಂಬ ನೋಟಿಸು ಸಿದ್ಧವಾಯಿತು. ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಅವನಿಂದ ವರ್ಷಗಟ್ಟಲೆ ಮೀನು ಕೊಂಡವನು ನಾನು. ಹಾಗಿದ್ದೂ ಹಾಳೆ ಕೈಯಿಂದ ಕೈಗೆ ದಾಟಿ ಬಂದಾಗ, ಎಲ್ಲರ ಕಣ್ಣು ನನ್ನ ಮೇಲಿದೆ ಎನ್ನಿಸಿ, ಪೆನ್ನು ತೆಗೆದು ಗೀಚಿಬಿಟ್ಟೆ.

ಈ ಅಂಜಿಕೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. 1998ರಲ್ಲಿ ನೌಕರಿಗೆಂದು ಬೆಂಗಳೂರಿಗೆ ಬಂದಾಗ ಜಯನಗರ, ಜೆ.ಪಿ. ನಗರಗಳಲ್ಲಿ ಮನೆ ಹುಡುಕಿ ಸೋತಿದ್ದೆ. ‘ಬಾಡಿಗೆಗೆ ಇದೆ’ ಎಂಬ ಫಲಕದ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಇನ್ನೊಂದು ಸಾಲು ಇರುತ್ತಿತ್ತು. ಇಲ್ಲದಿದ್ದರೆ ಮೂರನೇ ಪ್ರಶ್ನೆಯಾಗಿ ಅದು ಬಾಯಲ್ಲೇ ಬರುತ್ತಿತ್ತು. ಕರಾವಳಿಯವನು ಎಂದಾಗ ಉಡುಪಿಯ ನೆನಪಿನಿಂದ ಅರಳುತ್ತಿದ್ದ ಮುಖಗಳು ಮುಂದಿನ ಉತ್ತರಕ್ಕೆ ಬಾಡುತ್ತಿದ್ದವು. ಕೊನೆಗೆ ಮನೆ ಸಿಕ್ಕಿದ್ದು ಆಗಿನ್ನೂ ಹಳ್ಳಿಯ ಚಹರೆ ಕಳೆದುಕೊಂಡಿರದ ಕೋಣನಕುಂಟೆಯಲ್ಲಿ. ಹಟ್ಟಿಯಲ್ಲಿ ಎರಡು ಎಮ್ಮೆ ಕಟ್ಟಿದ್ದ ರೈತರು ಮಾಲೀಕರು. ಮೀನು ತಿನ್ನುತ್ತೇವೆ ಎಂದು ನಾನು ತೊದಲಿದಾಗ ಅವರೆಂದದ್ದು ಇಷ್ಟೇ: “ಬಾಡು, ಮೀನು ಏನಾದ್ರೂ ಮಾಡ್ಕೊಳಪ್ಪ. ಬೋರಲ್ಲಿ ನೀರು ಕಮ್ಮಿ, ಅದೊಂದು ನೋಡ್ಕೊಂಡು ಖರ್ಚು ಮಾಡು.”

ಹೆಸರನ್ನು ಬಿಡಿಸಿ ಓದಿದರೆ ಕೋಣನ ಕುಂಟೆ. ಕುಂಟೆಯೆಂದರೆ ಚಿಕ್ಕ ಕೆರೆ. ದನ ಎಮ್ಮೆಗಳ ಹೊಂಡದ ಹೆಸರು ಹೊತ್ತ ಊರು ನೋಡನೋಡುತ್ತಲೇ ನಗರವಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಇಂಥ ಹೊರವಲಯದ ಊರುಗಳು ನಗರದ ಲೆಕ್ಕಕ್ಕೆ ಸೇರಿದವು. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ಕೋಣನಕುಂಟೆ ಕ್ರಾಸ್ ದಾಟಿ ರೇಷ್ಮೆ ಸಂಸ್ಥೆಯವರೆಗೆ ಬಂತು. ಜಪಾನಿನ ನಂಟೂ ಸುಶಿಯಿಂದ ಆರಂಭವಾದದ್ದಲ್ಲ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆ ಬಿಡದಿಗೆ ಬಂದ ಮೇಲೆ ಜಪಾನೀಯರು ಈ ನಗರದಲ್ಲಿ ಮನೆ ಮಾಡಿದರು. ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಜಪಾನ್ ಸಾಲ ಕೊಟ್ಟಿತು. ತೊರೆಕಾಡನಹಳ್ಳಿಯಿಂದ ನೀರು ತರುವ, 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತಕ್ಕೂ ಜಪಾನಿನ ಸಾಲವಿದೆ. ನೀರು ಮತ್ತು ರೈಲಿನ ವಿಷಯದಲ್ಲಿ ನಾವು ಜಪಾನಿಗೆ ಬಹುಕಾಲದ ಋಣಿಗಳು. ಊಟದ ಸರದಿ ಬಂದದ್ದು ಈಚೆಗೆ.

ಆದರೆ ನಮ್ಮ ತಟ್ಟೆಗೆ ಬಂದಿರುವ ಈ ‘ವಾಸನೆಯಿಲ್ಲದ’ ಸುಶಿ ಎಲ್ಲಿಂದ ಬಂದದ್ದು? ಅದರ ಪೂರ್ವೇತಿಹಾಸ ನನ್ನ ನೆರೆಯವರಿಗೆ ಅಷ್ಟೇನೂ ರುಚಿಸಲಾರದು. ಸುಶಿ ಎಂಬ ಪದದ ಮೂಲಾರ್ಥ ಹುಳಿ. ಅಮ್ಮನ ನಾಲಿಗೆ ತಪ್ಪಲಿಲ್ಲ. ನಮ್ಮ ಪುಳಿಯೋಗರೆಯ ಅರ್ಥವೂ ಅದೇ ತಾನೆ, ಹುಳಿಯ ಓಗರ. ಆರಂಭದಲ್ಲಿ ಸುಶಿ ಮೀನನ್ನು ಕೆಡದಂತೆ ಕಾಪಿಡುವ ಉಪಾಯವಾಗಿತ್ತು. ಉಪ್ಪು ಹಚ್ಚಿದ ಮೀನನ್ನು ಅನ್ನದೊಳಗೆ ಹೂತು, ಮೇಲೆ ಭಾರವಿಟ್ಟು ತಿಂಗಳುಗಟ್ಟಲೆ ಹುದುಗಿಸುತ್ತಿದ್ದರು. ಅನ್ನ ಹುಳಿತು, ಆ ಹುಳಿ ಮೀನನ್ನು ಕಾಯುತ್ತಿತ್ತು. ತಿನ್ನುವಾಗ ಅನ್ನವನ್ನು ಕೊಡವಿ ಎಸೆದು ಮೀನನ್ನಷ್ಟೇ ತಿನ್ನುವುದು ಹಳೆಯ ರೂಢಿ. ಬಿವಾ ಸರೋವರದ ಆಸುಪಾಸಿನಲ್ಲಿ ಇಂದಿಗೂ ಮಾಡುವ ‘ಫುನಾಜುಶಿ’ ಈ ಪರಂಪರೆಯ ಉಳಿಕೆ. ಅದರ ಘಾಟು ಎಂಥದೆಂದರೆ ಜಪಾನೀಯರಲ್ಲೇ ಅನೇಕರು ಮೂಗು ಮುಚ್ಚಿಕೊಳ್ಳುತ್ತಾರೆ.

ಮುಂದೆ ವಿನೆಗರ್ ಬೆರೆಸಿ ಅನ್ನವನ್ನು ಕೂಡಲೇ ಹುಳಿಯಾಗಿಸುವ ವಿಧಾನ ಬಂತು. ತಿಂಗಳುಗಟ್ಟಲೆ ಕಾಯುವ ಅಗತ್ಯ ತಪ್ಪಿತು. ಇಂದು ನಾವು ತಿನ್ನುವ, ಉಂಡೆಯ ಮೇಲೆ ಹೋಳಿಟ್ಟ ಸುಶಿ ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದ ಮೊದಲರ್ಧದ ಎದೊ ಪಟ್ಟಣದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ. ಹನಾಯಾ ಯೊಹೆ ಎಂಬವನ ಹೆಸರು ಇದಕ್ಕೆ ತಳುಕುಹಾಕಿಕೊಂಡಿದೆ. ಅದು ಅರಮನೆಯ ಊಟವಾಗಿರಲಿಲ್ಲ. ಬೀದಿಬದಿಯ ಗೂಡಂಗಡಿಗಳಲ್ಲಿ, ಕೆಲಸಗಾರರು ನಿಂತಲ್ಲೇ ನಿಂತು ಕೈಯಲ್ಲಿ ತಿಂದು ಮುಂದೆ ಸಾಗುತ್ತಿದ್ದ ಅವಸರದ ತಿಂಡಿಯಾಗಿತ್ತು. ಇನ್ನು ನೆರೆಯವರು ಮೆಚ್ಚಿದ ಆ ಸಾಲ್ಮನ್? ಜಪಾನೀಯರು ತಮ್ಮ ಕಡಲಿನ ಸಾಲ್ಮನ್ನನ್ನು ಪರೋಪಜೀವಿ ಹುಳುಗಳ ಭಯದಿಂದ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆ ತನ್ನ ಸಾಕಣೆಯ ಸಾಲ್ಮನ್ನಿಗೆ ಮಾರುಕಟ್ಟೆ ಹುಡುಕುತ್ತ ಜಪಾನಿನಲ್ಲಿ ವರ್ಷಗಟ್ಟಲೆ ಪ್ರಚಾರ ನಡೆಸಿತು. ಆ ಬಳಿಕವೇ ಅದು ಸುಶಿಯ ಮೇಲೇರಿದ್ದು.

ಅಂದರೆ, ಈ ಗೌರವಾನ್ವಿತ ಭಕ್ಷ್ಯದ ಮುತ್ತಜ್ಜಿ ಘಾಟು ವಾಸನೆಯವಳು, ಅಜ್ಜ ಬೀದಿಬದಿಯ ವ್ಯಾಪಾರಿ. ಇಬ್ಬರೂ ಇಂದು ನಮ್ಮ ಗೇಟಿನ ಬಳಿ ಬಂದಿದ್ದರೆ ಐವತ್ತು ಅಡಿಯಾಚೆ ನಿಲ್ಲಬೇಕಿತ್ತು.

ತಟ್ಟೆಯಲ್ಲಿ ಇನ್ನೊಂದು ಬಗೆಯ ಸುಶಿಯೂ ಇತ್ತು. ಕಡಲಕಳೆಯ ಹಾಳೆಯಲ್ಲಿ ಸುತ್ತಿದ ಅನ್ನದ ನಡುವೆ ಕೇಸರಿ ಅಂಚಿನ ಬಿಳಿ ತುಂಡು. ಪಟ್ಟಿಯಲ್ಲಿ ಅದಕ್ಕೆ ಏಡಿಯ ಹೆಸರಿತ್ತು. ಅದು ಏಡಿಯಲ್ಲ. ಮೀನಿನ ಮಾಂಸವನ್ನು ತೊಳೆದು, ಅರೆದು, ಬಣ್ಣ ರುಚಿ ಸೇರಿಸಿ ಅಚ್ಚು ಹಾಕಿದ ‘ಸುರಿಮಿ’. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಲೆಗೆ ಬೀಳುವ ಮದ್ಮಲ್ ಮೀನು ಇಲ್ಲಿನ ಕಾರ್ಖಾನೆಗಳಲ್ಲಿ ಸುರಿಮಿಯಾಗಿ ಜಪಾನ್ ಸೇರಿದಂತೆ ಹಲವು ದೇಶಗಳಿಗೆ ರಫ್ತಾಗುತ್ತದೆ. ಊರಿನಲ್ಲಿ ಅಷ್ಟೇನೂ ಬೆಲೆ ಸಿಗದ ಮೀನು ಅದು. ವಾಸನೆ ಹೋಗುವವರೆಗೆ ತೊಳೆಸಿಕೊಂಡು, ಹೆಸರು ಬದಲಿಸಿಕೊಂಡ ಮೇಲೆ ಅದಕ್ಕೆ ತಂಪು ಕೋಣೆಯ ಮೇಜಿನ ಮೇಲೆ ಜಾಗ ಸಿಗುತ್ತದೆ. ಇದನ್ನು ಹೇಳಿದಾಗ ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ನಾನೂ ಈ ನಗರದಲ್ಲಿ ಇಪ್ಪತ್ತೈದು ವರ್ಷಗಳಿಂದ ಅದನ್ನೇ ತಾನೆ ಮಾಡುತ್ತ ಬಂದಿರುವುದು? ಮೀನು ಹುರಿಯುವ ದಿನ ಕಿಟಕಿ ಮುಚ್ಚುವುದು, ಊದುಬತ್ತಿ ಹಚ್ಚುವುದು, ಮುಳ್ಳುಗಳನ್ನು ಎರಡೆರಡು ಚೀಲದಲ್ಲಿ ಕಟ್ಟಿ ಕತ್ತಲಾದ ಮೇಲೆ ಎಸೆಯುವುದು. ಜೂನ್ ಜುಲೈಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವಾಗ ಕರಾವಳಿಯ ಮನೆಗಳನ್ನು ಸಲಹುವುದು ಒಣಮೀನು. ಅಮ್ಮ ಪ್ರತಿ ಮಳೆಗಾಲ ಅದನ್ನು ತರುವಾಗ ಲಿಫ್ಟಿನಲ್ಲಿ ಯಾರಿಗೂ ತಿಳಿಯದಿರಲೆಂದು ಏಳು ಸುತ್ತು ಸುತ್ತಿಕೊಂಡು ಬರುತ್ತಾರೆ. ಹಾಗೆ ಸುತ್ತಲು ಅವರಿಗೆ ಕಲಿಸಿದವನೂ ನಾನೇ.

ಜನ ಕಡಿಮೆಯಾದ ಮೇಲೆ ಬಾಣಸಿಗ ಅಮ್ಮನನ್ನು ಮಾತನಾಡಿಸಲು ಬಂದ. ನಾಗಾಲ್ಯಾಂಡಿನ ಹುಡುಗ. ಈ ಕಸುಬನ್ನು ಬೆಂಗಳೂರಿನಲ್ಲೇ ಕಲಿತನಂತೆ. ಊರಿನ ಊಟ ನೆನಪಾಗುತ್ತದೆಯೇ ಎಂದು ಅಮ್ಮ ನನ್ನ ಮೂಲಕ ಕೇಳಿದರು. ಅವರಲ್ಲಿ ಸೋಯಾ ಅವರೆಯನ್ನು ಹುದುಗಿಸಿ ಮಾಡುವ ಅಖುನಿ ಎಂಬ ಪದಾರ್ಥವಿದೆ. ಜಪಾನಿನ ನಾಟೊ ಕೂಡ ಅದೇ ಜಾತಿಯದು. ಕೋಣೆಯಲ್ಲಿ ಅದನ್ನು ಕುದಿಸಿದ್ದಕ್ಕೆ ಹಿಂದಿನ ಮನೆಯನ್ನು ಒಂದೇ ವಾರದಲ್ಲಿ ಬಿಡಬೇಕಾಯಿತು ಎಂದು ಅವನು ದೂರುವ ದನಿಯಿಲ್ಲದೆ ಹೇಳಿದ. ಹುದುಗಿಸಿದ ಸೋಯಾದ ಸಾರನ್ನೇ ‘ಮಿಸೊ’ ಎಂಬ ಹೆಸರಿನಲ್ಲಿ ಪಿಂಗಾಣಿ ಬಟ್ಟಲಿನಲ್ಲಿ ನಮಗೆ ಆಗಷ್ಟೇ ಬಡಿಸಿದ್ದ. ಅಮ್ಮನಿಗೆ ಮನೆ ಬಿಡಿಸಿದ ಸಂಗತಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವಾಗ ನನಗೆ ನನ್ನದೇ 1998ರ ಕಥೆ ಹೇಳಿದಂತಾಯಿತು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಮೀನಿಗೆ ವಾಸನೆ ಇರುವುದು ಸುಳ್ಳಲ್ಲ. ಅದನ್ನು ಸಹಿಸಲಾಗದವರ ಸಂಕಟವೂ ಸುಳ್ಳಲ್ಲ. ತಮ್ಮ ಅಡುಗೆಮನೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದು ಅವರವರ ಹಕ್ಕು. ಊಟ ತನ್ನಿಚ್ಛೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನನ್ನ ಪ್ರಶ್ನೆ ಎಲ್ಲರಿಗೂ ಸೇರಿದ ಗೇಟಿನದು, ಬಾಡಿಗೆಯ ಬಾಗಿಲಿನದು. ಅದೇ ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ವಾರಗಟ್ಟಲೆ ಕೊಳೆತ ಕಸದ ರಾಶಿಯ ವಿರುದ್ಧ ಯಾರೂ ಸಹಿ ಸಂಗ್ರಹಿಸಲಿಲ್ಲ. ವಾಸನೆಯೊಂದೇ ಕಾರಣವಾಗಿದ್ದರೆ ಮೊದಲ ನೋಟಿಸು ಅದಕ್ಕೆ ಅಂಟಬೇಕಿತ್ತು. ಕರ್ನಾಟಕದಲ್ಲಿ ಮೀನು ಮಾಂಸ ತಿನ್ನುವವರೇ ಬಹುಸಂಖ್ಯಾತರು. ಹಾಗಿದ್ದೂ ಈ ಬಹುಸಂಖ್ಯಾತರು ನಗರದ ಬಡಾವಣೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಉಣ್ಣುತ್ತಾರೆ. ಮೀನು ತಿನ್ನುವುದಕ್ಕೆ ನಾವು ಆಕ್ಷೇಪಿಸುತ್ತಿಲ್ಲ. ಯಾರ ಮೀನು, ಯಾರ ಕೈಯಿಂದ, ಯಾವ ಬೆಲೆಗೆ ಬರುತ್ತದೆ ಎಂಬುದನ್ನು ನೋಡಿ ನಮ್ಮ ಮೂಗು ತೀರ್ಮಾನಿಸುತ್ತಿದೆ. ಈ ತೀರ್ಮಾನಕ್ಕೆ ಮಡಿವಂತರಷ್ಟೇ ಹೊಣೆಯಲ್ಲ. ಹಾಳೆ ಕೈಗೆ ಬಂದಾಗ ತಲೆತಗ್ಗಿಸಿ ಸಹಿ ಮಾಡುವ ನನ್ನಂಥವರೂ ಹೊಣೆ.

ಸುಶಿಯ ಮೇಲೆ ನನಗೆ ಮುನಿಸಿಲ್ಲ. ನೆರೆಯವರು ಅದನ್ನು ಸವಿದದ್ದು ನನಗೆ ಸಂತೋಷವೇ. ದೂರದ ದೇಶದ ಹಸಿ ಮೀನಿಗೆ ಒಗ್ಗಿಕೊಂಡ ನಾಲಿಗೆ ಹತ್ತಿರದ ಊರಿನ ಹುರಿದ ಬಂಗುಡೆಗೂ ಒಗ್ಗೀತು ಎಂಬ ಆಸೆ ಇದೆ. ಒಗ್ಗದಿದ್ದರೂ ಚಿಂತೆಯಿಲ್ಲ. ಅದನ್ನು ತಿನ್ನುವವರ ಪಕ್ಕದಲ್ಲಿ ಬಾಳುವುದು ಒಗ್ಗಿದರೆ ಸಾಕು.

ಮನೆಗೆ ಮರಳುವಾಗ ಗೇಟಿನ ಬಳಿ ಅಮ್ಮ ನಿಂತು ಆಚೀಚೆ ನೋಡಿದರು. “ಆ ಮೀನ್ ಮಾರುವವ ಈಗ ಬತ್ತಿಲ್ಯಾ?” ಎಂದರು. ಹಿಂದಿನ ಮಳೆಗಾಲಗಳಲ್ಲಿ ಅವನೊಡನೆ ಚೌಕಾಸಿ ಮಾಡುವುದು ಅವರ ಭಾನುವಾರದ ಖುಷಿಯಾಗಿತ್ತು. ಗೋಡೆಯ ಮೇಲಿನ ನೋಟಿಸು ಅವರ ಕಣ್ಣೆದುರೇ ಇತ್ತು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದುದರಿಂದ ಓದಲಾಗಲಿಲ್ಲ. ನಾನು ಓದಿ ಹೇಳಲಿಲ್ಲ.

ಆ ನೋಟಿಸನ್ನು ಹಿಂದೆಗೆದುಕೊಳ್ಳಬೇಕೆಂದು ಕೋರಿ ಸಂಘಕ್ಕೆ ಪತ್ರ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ಎಷ್ಟು ಮಂದಿ ಒಪ್ಪುತ್ತಾರೋ ತಿಳಿಯದು. ಒಪ್ಪಿದರೂ ಅವನು ಮತ್ತೆ ಈ ದಾರಿಗೆ ಬರುತ್ತಾನೆಂಬ ಭರವಸೆಯಿಲ್ಲ. ಅವನ ಹೆಸರನ್ನಾಗಲೀ ಫೋನ್ ನಂಬರನ್ನಾಗಲೀ ನಾನು ಒಮ್ಮೆಯೂ ಕೇಳಿರಲಿಲ್ಲ.