ಬಣ್ಣದ ನೀರಿಗೆ ಅಯಸ್ಕಾಂತ ಸಾಕೇ?

ನೀಲಿ ನೀರಿಗೆ ಚಿಟಿಕೆ ಕಪ್ಪು ಪುಡಿ ಹಾಕಿ ಕಲಕಿ, ಪಕ್ಕದಲ್ಲಿ ಅಯಸ್ಕಾಂತ ಹಿಡಿದರೆ ನೀರು ತಿಳಿಯಾಗುತ್ತದೆ. ಇದನ್ನು ನೋಡಿದ ಓದುಗರೊಬ್ಬರ ಪ್ರಶ್ನೆ: ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ಕೆಟ್ಟ, ತಮಿಳುನಾಡಿನ ತಿರುಪ್ಪೂರಿನ ನೊಯ್ಯಲ್ ನದಿಯನ್ನೂ ಹೀಗೇ ತೊಳೆಯಬಹುದಲ್ಲವೇ?

ಪ್ರಯೋಗವೇನೋ ನಿಜ. ಆ ಪುಡಿ ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಮಕ್ಕಳು ಮರಳಿನಲ್ಲಿ ಅಯಸ್ಕಾಂತ ಎಳೆದಾಡಿದಾಗ ಅಂಟಿಕೊಳ್ಳುವ ಕರಿ ಹರಳುಗಳಲ್ಲೂ ಇರುವುದು ಇದೇ. 1981ರಲ್ಲಿ ಫ್ರಾನ್ಸಿನ ರೆನೆ ಮಸಾರ್ ಇದರ ನ್ಯಾನೊಕಣಗಳನ್ನು ತಯಾರಿಸುವ ಸುಲಭ ದಾರಿ ತೋರಿಸಿದರು: ಎರಡು ಬಗೆಯ ಕಬ್ಬಿಣದ ಲವಣಗಳನ್ನು ನೀರಿನಲ್ಲಿ ಕರಗಿಸಿ ಅಮೋನಿಯ ಬೆರೆಸಿದರೆ ಕಪ್ಪು ಕಣಗಳು ಮೂಡುತ್ತವೆ. ಕಣದ ಅಗಲ 10 ನ್ಯಾನೊಮೀಟರ್ ಇದ್ದರೆ ಒಂದು ಗ್ರಾಂ ಪುಡಿಯ ಮೇಲ್ಮೈ ಸುಮಾರು 100 ಚದರ ಮೀಟರ್. ಬಣ್ಣದ ಅಣುಗಳು ವಿದ್ಯುತ್ ಸೆಳೆತದಿಂದ ಅಲ್ಲಿ ಅಂಟುತ್ತವೆ. ನೀರು ಕ್ಷಾರೀಯವಾಗಿದ್ದರೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ, ಆಮ್ಲೀಯವಾಗಿದ್ದರೆ ಕಾಂಗೊ ರೆಡ್ ಎಂಬ ಕೆಂಪು ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಆದರೆ ಅಂಟಿಸಿಕೊಳ್ಳುವುದು ಇದರ ಹೆಚ್ಚುಗಾರಿಕೆಯಲ್ಲ. ಸಕ್ರಿಯ ಇದ್ದಿಲಿನ ಮೇಲ್ಮೈ ಇದರ ಹಲವು ಪಟ್ಟು. ನಿಜವಾದ ಸೊಗಸು ಇರುವುದು ಪುಡಿಯನ್ನು ಮರಳಿ ಪಡೆಯುವುದರಲ್ಲಿ. ಇಷ್ಟು ಸಣ್ಣ ಕಣದೊಳಗಿನ ಕಾಂತದಿಕ್ಕು ಬರೀ ಶಾಖದ ಕುಲುಕಾಟಕ್ಕೆ ಕ್ಷಣಕ್ಷಣವೂ ಹೊರಳುತ್ತಿರುತ್ತದೆ. ಹಾಗಾಗಿ ಕಣಗಳು ಒಂದನ್ನೊಂದು ಸೆಳೆದು ಗಂಟುಕಟ್ಟುವುದು ಕಡಿಮೆ. ಅಯಸ್ಕಾಂತ ಬಂದೊಡನೆ ಎಲ್ಲ ಒಂದೇ ಕಡೆ ತಿರುಗಿ ಅದರತ್ತ ಸಾಗುತ್ತವೆ; ದೂರ ಸರಿಸಿದರೆ ಮತ್ತೆ ಬಿಡಿಬಿಡಿ. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಆರ್ಸೆನಿಕ್ ಹಿಡಿದ ಇಂಥ ಕಣಗಳನ್ನು ದುರ್ಬಲ ಅಯಸ್ಕಾಂತದಿಂದಲೇ ನೀರಿನಿಂದ ಎಳೆದು ತೋರಿಸಿದರು. ನನ್ನ ಮಟ್ಟಿಗೆ ಇದು ನ್ಯಾನೊ ವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲೊಂದು.

ಇನ್ನು ನೊಯ್ಯಲ್. ಹತ್ತಿಗೆ ರಿಯಾಕ್ಟಿವ್ ಬಣ್ಣ ಹತ್ತಲು ತೊಟ್ಟಿಗೆ ಧಾರಾಳವಾಗಿ ಉಪ್ಪು ಸುರಿಯಬೇಕು. ಆ ಉಪ್ಪೆಲ್ಲ ಕೊಳೆನೀರಿನ ಜೊತೆ ಹೊರಬರುತ್ತದೆ. 1992ರಲ್ಲಿ ನೀರಾವರಿಗೆಂದು ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆ ಡೈಯಿಂಗ್ ನೀರಿನ ತೊಟ್ಟಿಯಾಯಿತು, ಹೊಲಗಳು ಕೆಟ್ಟವು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನೇ ಮುಚ್ಚಿಸಿತು. ಮ್ಯಾಗ್ನಟೈಟ್ ಈ ಉಪ್ಪನ್ನು ಮುಟ್ಟುವುದಿಲ್ಲ. ಸಾಲದ್ದಕ್ಕೆ ಉಪ್ಪಿನ ಅಯಾನುಗಳು ಬಣ್ಣಕ್ಕೂ ಕಣಕ್ಕೂ ನಡುವಿನ ಸೆಳೆತವನ್ನೇ ಕುಂದಿಸುತ್ತವೆ. ಅದಕ್ಕೇ ಅಲ್ಲಿ ಉಪ್ಪು ಸೋಸುವ ರಿವರ್ಸ್ ಆಸ್ಮೋಸಿಸ್ ಪೊರೆಗಳು ಮತ್ತು ನೀರು ಆವಿಯಾಗಿಸುವ ಯಂತ್ರಗಳು ಬೇಕಾದವು. ಕಾಂತಕಣಕ್ಕೆ ಅಲ್ಲಿ ಜಾಗವಿದ್ದರೆ, ಆ ಪೊರೆಗಳಿಗೆ ಬಣ್ಣ ಮೆತ್ತದಂತೆ ಮುಂಚೆಯೇ ಸೋಸುವ ಸಹಾಯಕನಾಗಿ.

ಇನ್ನೊಂದು ಮಾತು: ಪುಡಿಯನ್ನು ಮತ್ತೆ ಬಳಸಲೆಂದು ಕಣದಿಂದ ತೊಳೆದ ಬಣ್ಣ ಮಾಯವಾಗುವುದಿಲ್ಲ, ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಆದ್ದರಿಂದ 'ಶೇಕಡಾ 99 ಬಣ್ಣ ನಿರ್ಮೂಲ' ಎಂಬ ಸುದ್ದಿ ಓದಿದಾಗ, ಆ ಬಣ್ಣ ಎಲ್ಲಿಗೆ ಹೋಯಿತು, ಪರೀಕ್ಷೆ ನಡೆದದ್ದು ಬಟ್ಟಿ ಇಳಿಸಿದ ನೀರಿನಲ್ಲೋ ಕಾರ್ಖಾನೆಯ ನೀರಿನಲ್ಲೋ ಎಂಬುದನ್ನು ಮೊದಲು ಹುಡುಕಿ.