ಆಡುವವಳು ಯಾರ ಪಟ್ಟಿಯವಳು?

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದೇ ಬೀದಿಯ ಮೂವರು ಹುಡುಗಿಯರು ಒಂದೇ ವರ್ಷ ಪಿಯುಸಿ ಮುಗಿಸಿದರೆಂದು ಇಟ್ಟುಕೊಳ್ಳೋಣ. ಮೂವರೂ ಶಾಲೆಯ ದಿನಗಳಿಂದ ಒಟ್ಟಿಗೆ ಹಾಕಿ ಆಡಿದವರು. ಒಬ್ಬಳು ಬಂಗಾರಪೇಟೆಯ ಕಾಲೇಜಿಗೆ ಬಿ.ಕಾಂ. ಸೇರುತ್ತಾಳೆ. ಎರಡನೆಯವಳು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಾಲೇಜಿಗೆ ಹೋಗುತ್ತಾಳೆ. ಮೂರನೆಯವಳು ಅದೇ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಎದುರು ದಿಕ್ಕಿನ ರೈಲು ಹತ್ತಿ, ಆಂಧ್ರದ ಗಡಿಯೊಳಗಿನ ಕುಪ್ಪಂನಲ್ಲಿ 1997ರಲ್ಲಿ ಆರಂಭವಾದ ದ್ರಾವಿಡ ವಿಶ್ವವಿದ್ಯಾಲಯಕ್ಕೆ ಸೇರುತ್ತಾಳೆ. ಸಂಜೆ ಮೂವರೂ ಒಂದೇ ಮೈದಾನದಲ್ಲಿ ಅಭ್ಯಾಸ ಮಾಡಬಹುದು. ಆದರೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಲೆಕ್ಕದಲ್ಲಿ ಅವರು ಮೂರು ಬೇರೆ ಬೇರೆ ತಂಡಗಳವರು. ಕರ್ನಾಟಕ, ಆಂಧ್ರ ಎರಡೂ ದಕ್ಷಿಣ ವಲಯದಲ್ಲಿಯೇ ಇರುವುದರಿಂದ ಒಂದು ದಿನ ಪರಸ್ಪರ ಎದುರಾಳಿಗಳಾಗಿ ನಿಂತರೂ ಆಶ್ಚರ್ಯವಿಲ್ಲ.

ಆಟಗಾರ್ತಿ ಯಾವ ತಂಡಕ್ಕೆ ಸೇರಿದವಳು ಎಂಬುದನ್ನು ನಿರ್ಧರಿಸುವುದು ಅವಳ ಊರಲ್ಲ, ಮಾತೃಭಾಷೆಯಲ್ಲ, ಆಟ ಕಲಿಸಿದ ಗುರುವೂ ಅಲ್ಲ. ಯಾವ ಪುಸ್ತಕದಲ್ಲಿ ಅವಳ ಹೆಸರು ದಾಖಲಾಗಿದೆ ಎಂಬುದಷ್ಟೇ ಮುಖ್ಯ. ಕ್ರೀಡಾ ಆಡಳಿತದ ಭಾಷೆಯಲ್ಲಿ ಇದಕ್ಕೆ ‘ಅರ್ಹತೆ’ ಎಂದು ಹೆಸರು. ಪಂದ್ಯದ ವರದಿಗಳಲ್ಲಿ ಇದರ ಸುದ್ದಿ ಬರುವುದು ಯಾರಾದರೂ ಅನರ್ಹರಾದಾಗ ಮಾತ್ರ. ಆದರೆ ಸಣ್ಣ ಊರಿನ ಹುಡುಗಿಯೊಬ್ಬಳ ಆಟದ ಆಯುಷ್ಯ ಎಷ್ಟು ಎಂಬುದು ಬಹುಮಟ್ಟಿಗೆ ಇದರಿಂದಲೇ ತೀರ್ಮಾನವಾಗುತ್ತದೆ.

ತಂಡ ಕಟ್ಟಲು ಬಳಸುವ ಪುಸ್ತಕಗಳು ಬಗೆಬಗೆ. ಕೊಡಗಿನಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಹಾಕಿ ಹಬ್ಬದಲ್ಲಿ ಅರ್ಹತೆಯೆಂದರೆ ಮನೆತನದ ಹೆಸರು. ಅಲ್ಲಿ ಅಜ್ಜನ ಪಕ್ಕದಲ್ಲಿ ಮೊಮ್ಮಗ, ಅಣ್ಣನ ಪಕ್ಕದಲ್ಲಿ ತಂಗಿ ಆಡುವುದುಂಟು. ಕೆಜಿಎಫ್‌ನಲ್ಲಿ ಬಹುಕಾಲ ನಡೆದದ್ದು ಇನ್ನೊಂದು ಪುಸ್ತಕ. ಅದು ಗಣಿಯ ಹಾಜರಿ ಪುಸ್ತಕ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ನೆಲೆಯೂರಿದ ಮೇಲೆ ಚಿನ್ನದ ಜೊತೆಗೆ ಕ್ಲಬ್ಬು, ಮೈದಾನ, ಫುಟ್‌ಬಾಲ್, ಹಾಕಿ, ಕ್ರಿಕೆಟ್ಟುಗಳೂ ಬಂದವು. ಆಡುವವನಿಗೆ ಕೆಲಸ, ಕೆಲಸದವನಿಗೆ ತಂಡ ಎಂಬ ಸರಳ ಏರ್ಪಾಡು ಅದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಗೆ ಸೇರಿದರೂ ಈ ನಂಟು ಕಡಿಯಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಮೂರು ಕಿಲೋಮೀಟರಿಗೂ ಆಳದ ಸುರಂಗಗಳೊಂದಿಗೆ ಆ ಹಾಜರಿ ಪುಸ್ತಕವೂ ಮುಚ್ಚಿತು.

ಆದರೆ ಹೆಣ್ಣುಮಕ್ಕಳ ಪಾಲಿಗೆ ಆ ಪುಸ್ತಕ ಸರಿಯಾಗಿ ತೆರೆದದ್ದೇ ಇಲ್ಲ. 1952ರ ಗಣಿ ಕಾಯ್ದೆಯ 46ನೇ ಕಲಮು ನೆಲದಡಿಯ ಕೆಲಸಕ್ಕೆ ಮಹಿಳೆಯರನ್ನು ನೇಮಿಸುವುದನ್ನು ನಿಷೇಧಿಸಿತ್ತು. (ಷರತ್ತುಗಳೊಂದಿಗೆ ಈ ನಿಷೇಧ ಸಡಿಲವಾದದ್ದು 2019ರಲ್ಲಿ, ಕೋಲಾರದ ಚಿನ್ನದ ಗಣಿಗಳು ಮುಚ್ಚಿ ಆಗ 18 ವರ್ಷ ಕಳೆದಿತ್ತು.) ಕಾರ್ಮಿಕನ ಮಗನಿಗೆ ಆಟದ ಮೂಲಕ ಕೆಲಸ, ಕೆಲಸದ ಮೂಲಕ ಆಟ ಎಂಬ ಎರಡು ಬಾಗಿಲುಗಳಿದ್ದರೆ ಮಗಳಿಗೆ ಇದ್ದದ್ದು ಒಂದೇ, ಅದು ಶಾಲೆ, ಆಮೇಲೆ ಕಾಲೇಜು.

ರಾಜ್ಯದಲ್ಲಿ ಮಹಿಳಾ ಹಾಕಿಗೇನೂ ಬಡತನವಿರಲಿಲ್ಲ. ಬೆಂಗಳೂರಿನ ಬ್ರಿಟ್ಟೊ ಸೋದರಿಯರಾದ ಎಲ್ವೆರಾ, ರೀಟಾ ಮತ್ತು ಮೇ 1960ರಿಂದ 1967ರವರೆಗೆ ಆಗಿನ ಮೈಸೂರು ರಾಜ್ಯ ತಂಡದ ಬೆನ್ನೆಲುಬಾಗಿದ್ದರು. ಆ ಅವಧಿಯಲ್ಲಿ ತಂಡ ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಎಲ್ವೆರಾ ಬ್ರಿಟ್ಟೊ ಅವರಿಗೆ 1965ರ ಅರ್ಜುನ ಪ್ರಶಸ್ತಿ ಸಂದಿತು. ಮಹಿಳಾ ಹಾಕಿಯಲ್ಲಿ ಅದಕ್ಕೂ ಮೊದಲು ಈ ಗೌರವ ಪಡೆದಿದ್ದವರು 1961ರಲ್ಲಿ ಆನ್ ಲಮ್ಸ್‌ಡೆನ್ ಒಬ್ಬರೇ. ಇವರೆಲ್ಲ ಆಡಿದ್ದು ರಾಜ್ಯದ ಪಟ್ಟಿಯಲ್ಲಿ. ರಾಜ್ಯದ ಪಟ್ಟಿಗೆ ಹದಿನೆಂಟು ಮಂದಿ ಸಾಕು. ಅದರ ಕೆಳಗೆ ನೂರಾರು ಹುಡುಗಿಯರು ಆಡುತ್ತಿರಬೇಕಾದರೆ ಆಧಾರವಾಗುವುದು ವಿಶ್ವವಿದ್ಯಾಲಯದ ಪಟ್ಟಿಯೇ.

ಆ ಪಟ್ಟಿಯ ನಿಯಮಗಳನ್ನು ಮಾಡುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿ 1973ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆಯಿದು. ನಿಯಮಗಳ ಸಾರ ಹೀಗಿದೆ: ಆಟಗಾರ್ತಿ ಪಿಯುಸಿಯ ನಂತರದ ಕೋರ್ಸಿನಲ್ಲಿ ಪೂರ್ಣಾವಧಿಯ ವಿದ್ಯಾರ್ಥಿನಿಯಾಗಿರಬೇಕು. ಜುಲೈ 1ಕ್ಕೆ ಅವಳಿಗೆ 17 ವರ್ಷ ತುಂಬಿರಬೇಕು, 25 ದಾಟಿರಬಾರದು. ಪದವಿಗೆ ಪ್ರವೇಶ ಕೊಡಿಸಿದ ಪರೀಕ್ಷೆ ಪಾಸಾಗಿ ಎಂಟು ಶೈಕ್ಷಣಿಕ ವರ್ಷಗಳಿಗಿಂತ ಹೆಚ್ಚಾಗಿರಬಾರದು. ಪೂರ್ಣಾವಧಿ ನೌಕರಿಯಲ್ಲಿರುವವರಿಗೆ ಅವಕಾಶವಿಲ್ಲ. ಇದಕ್ಕೆಲ್ಲ ಕಾಲೇಜು ಮತ್ತು ವಿಶ್ವವಿದ್ಯಾಲಯ ಸಹಿ ಹಾಕಿ ದೃಢೀಕರಿಸಬೇಕು.

ಇಷ್ಟೊಂದು ಕಟ್ಟುಪಾಡು ಏಕೆ? ಆಡುವುದಕ್ಕೆಂದೇ ಕಾಲೇಜಿಗೆ ಹೆಸರು ಹಚ್ಚಿಸಿ, ತರಗತಿಯ ಮುಖ ನೋಡದೆ, ಒಂದು ಡಿಪ್ಲೊಮಾ ಮುಗಿದರೆ ಇನ್ನೊಂದಕ್ಕೆ ಹಾರುವ ‘ವೃತ್ತಿನಿರತ ವಿದ್ಯಾರ್ಥಿ’ಗಳ ಭಯ. ನಮ್ಮ ನಿಯಮ ಎಷ್ಟು ಬಾರಿ ಆಡಿದೆ ಎಂದು ಕೇಳುವುದಿಲ್ಲ. ನಿನಗೆಷ್ಟು ವಯಸ್ಸು, ಓದು ಶುರುವಾಗಿ ಎಷ್ಟು ವರ್ಷವಾಯಿತು ಎಂದಷ್ಟೇ ಕೇಳುತ್ತದೆ. ಆದ್ದರಿಂದಲೇ ಎಂಟು ವರ್ಷದ ಗೆರೆ ಬೇಕಾಯಿತು.

ಇದಕ್ಕೆ ತದ್ವಿರುದ್ಧವಾದ ಲೆಕ್ಕವನ್ನು ನೋಡಬೇಕಾದರೆ ಅಮೆರಿಕದ ಕಾಲೇಜು ಹುಡುಗಿಯರ ಐಸ್ ಹಾಕಿಗೆ ಹೋಗಬೇಕು. ಮಂಜುಗಡ್ಡೆಯ ಅಂಗಳದಲ್ಲಿ ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರೇ ಮಂದಿ ಆಡುವ ಆಟ ಅದು. ಆದರೆ ಸ್ಕೇಟು ಕಟ್ಟಿ ಓಡುವ ದಣಿವು ಎಷ್ಟೆಂದರೆ ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರ್ತಿಯರು ಬದಲಾಗುತ್ತಲೇ ಇರಬೇಕು. ಹಾಗಾಗಿ ಪಂದ್ಯಕ್ಕೆ ಇಪ್ಪತ್ತರ ಆಸುಪಾಸಿನ ತಂಡ ಬೇಕು. ಲಿಂಗಭೇದ ನಿಷೇಧಿಸಿ 1972ರಲ್ಲಿ ಬಂದ ಕಾನೂನು ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರ ಆಟಕ್ಕೆ ದಾರಿ ಮಾಡಿತು. ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ ನಡೆಸಿದ ಮೊದಲ ಮಹಿಳಾ ಐಸ್ ಹಾಕಿ ಚಾಂಪಿಯನ್‌ಷಿಪ್ಪನ್ನು 2001ರಲ್ಲಿ ಮಿನ್ನೆಸೋಟ ಡುಲುತ್ ತಂಡ ಗೆದ್ದಿತು. (ನಮ್ಮಲ್ಲಿ ಐಸ್ ಹಾಕಿ ಎಂದರೆ ಮುಖ್ಯವಾಗಿ ಲಡಾಖ್, 2016ರಲ್ಲಿ ಅಂತರರಾಷ್ಟ್ರೀಯ ಕಣಕ್ಕಿಳಿದ ಭಾರತದ ಮಹಿಳಾ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಪಡೆಯಿತು.)

ಅಮೆರಿಕದಲ್ಲಿ ದಶಕಗಳ ಕಾಲ ನಡೆದುಬಂದ ಲೆಕ್ಕವೆಂದರೆ ಐದು ವರ್ಷಗಳೊಳಗೆ ನಾಲ್ಕು ಋತು. ಗಡಿಯಾರ ಐದು ವರ್ಷ ಓಡುತ್ತದೆ, ಅದರಲ್ಲಿ ನಾಲ್ಕು ವರ್ಷ ಮಾತ್ರ ಆಡಬಹುದು. ಮಂಡಿಗೆ ಪೆಟ್ಟಾದವಳನ್ನೋ ಇನ್ನೂ ಪಳಗದ ಹೊಸಬಳನ್ನೋ ಒಂದು ವರ್ಷ ಅಭ್ಯಾಸಕ್ಕಷ್ಟೇ ಇಟ್ಟುಕೊಂಡು ಪಂದ್ಯಕ್ಕೆ ಇಳಿಸದಿದ್ದರೆ ಆ ಋತು ಖರ್ಚಾಗದು. ಇದಕ್ಕೆ ಅವರು ‘ರೆಡ್‌ಶರ್ಟ್’ ಎನ್ನುತ್ತಾರೆ. ಅಭ್ಯಾಸಕ್ಕೆ ಮಾತ್ರ ಬರುವವರಿಗೆ ಕೊಡುತ್ತಿದ್ದ ಕೆಂಪಂಗಿಯಿಂದ ಬಂದ ಹೆಸರು. ಕೋವಿಡ್ ಕಾಲದ 2020-21ರ ಋತುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಎನ್‌ಸಿಎಎ ಉದಾರವಾಗಿ ಘೋಷಿಸಿತು. ಹೋಗಬೇಕಾದ ಹಿರಿಯರು ಉಳಿದರು, ಬರಬೇಕಾದ ಕಿರಿಯರಿಗೆ ಜಾಗ ಕಿರಿದಾಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಬಳಿಕ, ಅದನ್ನು ಸ್ವೀಕರಿಸಿದ ವಿಶ್ವವಿದ್ಯಾಲಯಗಳಲ್ಲಿ 18 ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಗಿ ತಂಡಕ್ಕೆ 26 ಮಂದಿ ಎಂಬ ಹೊಸ ಮಿತಿ ಬಂತು. ಒಬ್ಬಳಿಗೆ ತೋರಿದ ಕರುಣೆ ಇನ್ನೊಬ್ಬಳ ಸ್ಥಾನದಿಂದಲೇ ಬರಬೇಕು. ಪಟ್ಟಿಯ ಗಾತ್ರ ಗೊತ್ತಿರುವ ಕಡೆಯೆಲ್ಲ ಇದೇ ಕಥೆ.

ಕೋಲಾರ ಜಿಲ್ಲೆಯಲ್ಲಿ ಸಮಸ್ಯೆ ತಿರುವುಮುರುವು. ಇಲ್ಲಿ ಹೆಚ್ಚಾದವರನ್ನು ಬಿಡುವ ಸಂಕಟವಿಲ್ಲ, ಕಡಿಮೆಯಾದವರನ್ನು ತುಂಬುವ ಸಂಕಟ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದು ಕೋಲಾರವನ್ನು ಕೇಂದ್ರವಾಗಿಸಿಕೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹುಟ್ಟಿತು. ಕೆಜಿಎಫ್, ಬಂಗಾರಪೇಟೆಯ ಕಾಲೇಜುಗಳು ಅದರ ಪಾಲಿಗೆ ಬಂದವು. ಇದರಿಂದ ಒಂದು ಲಾಭವುಂಟು. ಮೊದಲು ರಾಜಧಾನಿಯ ದೊಡ್ಡ ಕಾಲೇಜುಗಳ ಹುಡುಗಿಯರೊಂದಿಗೆ ಒಂದೇ ತಂಡದ ಸ್ಥಾನಕ್ಕೆ ಸೆಣಸಬೇಕಿದ್ದವರಿಗೆ ಈಗ ದಾರಿ ಹತ್ತಿರವಾಯಿತು. ನಷ್ಟವೂ ಉಂಟು. ಪದವಿಗೆಂದು ದಿನವೂ ಬೆಂಗಳೂರಿನ ರೈಲು ಹತ್ತುವ ಕೆಜಿಎಫ್ ಹುಡುಗಿ ಇಲ್ಲಿಯೇ ಆಟ ಕಲಿತವಳಾದರೂ ಈ ಪಟ್ಟಿಗೆ ಸಿಗದೆ ಹೋಗಬಹುದು.

ಸಿಕ್ಕವರಿಂದ ತಂಡ ಕಟ್ಟುವ ಗಣಿತ ನೋಡಿ. ಮೈದಾನದಲ್ಲಿ 11, ಒಟ್ಟು ತಂಡದಲ್ಲಿ 18. ಪದವಿ ಮೂರು ವರ್ಷದ್ದು. ಹಾಗಾದರೆ ಪ್ರತಿ ವರ್ಷ ಆರು ಮಂದಿ ಹೊರಡುತ್ತಾರೆ, ಆರು ಮಂದಿ ಬರಬೇಕು. ಇದು ಕಾಗದದ ಮೇಲಿನ ಸಮತೋಲ. ಈ ವರ್ಷ ಗೆಲ್ಲಲೇಬೇಕೆಂದು ತರಬೇತುದಾರರು ಅಂತಿಮ ವರ್ಷದ ಹನ್ನೆರಡು ಮಂದಿಯನ್ನು ಆರಿಸಿದರೆ ಮುಂದಿನ ವರ್ಷ ಅವರ ಕೈಯಲ್ಲಿ ಆರೇ ಮಂದಿ ಉಳಿಯುತ್ತಾರೆ. ಮಧ್ಯೆ ಪಠ್ಯಕ್ರಮವೂ ಆಟವಾಡಿಸಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ರಾಜ್ಯದಲ್ಲಿ ನಾಲ್ಕನೇ ವರ್ಷದ ಆನರ್ಸ್ ಆಯ್ಕೆ ಬಂತು, 2024-25ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಾಲ್ಕನೇ ವರ್ಷವೆಂದರೆ ಶಿಕ್ಷಣ ತಜ್ಞರಿಗೆ ಸಂಶೋಧನೆಯ ಅವಕಾಶ. ಹಾಕಿ ತರಬೇತುದಾರರಿಗೆ ಪಳಗಿದ ಆಟಗಾರ್ತಿಯ ಇನ್ನೊಂದು ಋತು. ಈಗ ಆ ಋತು ಬೇಕಾದರೆ ಅವಳು ಎಂ.ಕಾಂ., ಎಂ.ಎ. ಎಂದು ಮುಂದೆ ಓದಬೇಕು. ನಿಯಮ 25ರವರೆಗೆ ಬಾಗಿಲು ತೆರೆದಿಟ್ಟಿದೆ. ಆದರೆ ಎಷ್ಟು ಮನೆಗಳು ಮಗಳನ್ನು ಅಲ್ಲಿಯವರೆಗೆ ಓದಲು, ಅದರಲ್ಲೂ ಆಡಲು ಬಿಡುತ್ತವೆ?

ಮದುವೆಯೊಂದೇ ಕಾರಣವಲ್ಲ, ನೌಕರಿಯೂ ಕಾರಣ. ಗಣಿ ಮುಚ್ಚಿದ ಊರಿನಲ್ಲಿ ಇಪ್ಪತ್ತು ವರ್ಷದವಳಿಗೆ ಕೆಲಸ ಸಿಕ್ಕರೆ ಬೇಡವೆನ್ನುವವರಿಲ್ಲ, ಎನ್ನಲೂ ಬಾರದು. ಹಾಕಿ ಆಡುವವಳಿಗೆ ದೊರೆಯಬಹುದಾದ ಅತ್ಯುತ್ತಮ ನೌಕರಿ ರೈಲ್ವೆಯ ಕ್ರೀಡಾ ಕೋಟಾದ್ದು. ರೈಲ್ವೆಗೆ ತನ್ನದೇ ಪ್ರತ್ಯೇಕ ತಂಡವಿದೆ, ಮಹಿಳಾ ಹಾಕಿಯಲ್ಲಿ ಅದನ್ನು ಮೀರಿಸಿದ ತಂಡಗಳು ಕಡಿಮೆ. ಆದರೆ ಆ ಪುಸ್ತಕಕ್ಕೆ ಹೆಸರು ಏರಿದೊಡನೆ ವಿಶ್ವವಿದ್ಯಾಲಯದ ಪುಸ್ತಕದಿಂದ ಇಳಿಯುತ್ತದೆ. ಹೀಗೆ ಏರುವವಳು ಅದೃಷ್ಟವಂತೆ. ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಪೂರ್ಣಾವಧಿ ಕೆಲಸಕ್ಕೆ ಸೇರಿದವಳ ಹೆಸರು ಒಂದು ಪುಸ್ತಕದಿಂದ ಇಳಿಯುತ್ತದೆಯೇ ಹೊರತು ಆಟದ ಇನ್ನಾವ ಪುಸ್ತಕಕ್ಕೂ ಏರುವುದಿಲ್ಲ. ನಕಲಿ ವಿದ್ಯಾರ್ಥಿಗಳನ್ನು ತಡೆಯಲು ಮಾಡಿದ ನಿಯಮ ದುಡಿದು ಓದುವ ನಿಜವಾದ ವಿದ್ಯಾರ್ಥಿನಿಯನ್ನೂ ಅದೇ ಗೆರೆಯ ಆಚೆ ನಿಲ್ಲಿಸುತ್ತದೆ. ವಯಸ್ಸಿನ ಮಿತಿ ನ್ಯಾಯವೇ. ನೌಕರಿಯ ಮಿತಿಯನ್ನು ಮಾತ್ರ ಈ ಊರಿನಂಥ ಕಡೆಗಳಿಂದ ನೋಡಿ ಮರುಯೋಚಿಸಬೇಕಾಗಿದೆ.

ಇಡೀ ಯೋಜನೆಯಲ್ಲಿ ಅತಿ ಕಷ್ಟದ ಸ್ಥಾನ ಗೋಲ್‌ಕೀಪರಿನದು. ಮುಂದಾಳು ಆಟಗಾರ್ತಿಯನ್ನು ಹಿಂದಕ್ಕೆ ಆಡಿಸಬಹುದು, ಎಡದವಳನ್ನು ಬಲಕ್ಕೆ ತರಬಹುದು. ಗೋಲಿನ ಮುಂದೆ ನಿಲ್ಲಲು ಬೇರೆಯೇ ಎದೆಗಾರಿಕೆ, ಬೇರೆಯೇ ತರಬೇತಿ, ದುಬಾರಿಯಾದ ಬೇರೆಯೇ ಸಾಮಗ್ರಿ. ತಂಡದ ಇಬ್ಬರು ಗೋಲ್‌ಕೀಪರುಗಳೂ ಒಂದೇ ತರಗತಿಯವರಾದರೆ ಇಬ್ಬರೂ ಒಟ್ಟಿಗೇ ಹೊರಡುತ್ತಾರೆ. ಆದ್ದರಿಂದ ಒಬ್ಬಳು ಮೂರನೇ ವರ್ಷದಲ್ಲಿದ್ದರೆ ಇನ್ನೊಬ್ಬಳು ಮೊದಲನೇ ವರ್ಷದವಳಾಗಿರಬೇಕು ಎಂಬುದು ಅನುಭವಿಗಳ ಲೆಕ್ಕ. ಅದಕ್ಕೂ ಮುಂದಾಲೋಚನೆಯ ದೈಹಿಕ ಶಿಕ್ಷಣ ನಿರ್ದೇಶಕರಾದರೆ ಅದೇ ಮೈದಾನದಲ್ಲಿ ಓಡಾಡುವ ಪಿಯುಸಿ ಹುಡುಗಿಯೊಬ್ಬಳ ಕಾಲಿಗೆ ಈಗಲೇ ಪ್ಯಾಡ್ ಕಟ್ಟಿಸುತ್ತಾರೆ. ಪದವಿಗೆ ಸೇರುವವರೆಗೆ ಅವಳು ವಿಶ್ವವಿದ್ಯಾಲಯದ ಯಾವ ಪಟ್ಟಿಯಲ್ಲೂ ಇಲ್ಲ. ಸೇರಿದ ಮೇಲೂ ಬಂಗಾರಪೇಟೆಯಲ್ಲೇ ಉಳಿಯುತ್ತಾಳೋ, ಬೆಳಗಿನ ರೈಲು ಹತ್ತುತ್ತಾಳೋ ಈಗಲೇ ಹೇಳಲಾಗದು.